ಅಂಗಳದ ಎರಡನೇ ತತ್ತಿ

"ಅದನ್ನ ಮುಟ್ಟಬ್ಯಾಡ್ರಿ ಸರ," ಎಂದು ಮನೆ ಮಾಲಕಿ ಮೌನಮ್ಮ ಅಂದಾಗ ಕಾಂತೇಶ ನಕ್ಕುಬಿಟ್ಟ. ಯಾದಗಿರಿಯಿಂದ ಸುರಪುರದ ಕಾಲೇಜಿಗೆ ಸಸ್ಯಶಾಸ್ತ್ರ ಕಲಿಸಲು ಬಂದು ತಿಂಗಳೂ ಆಗಿರಲಿಲ್ಲ. ಎರಡು ದಿನದ ಮಳೆಯ ನಂತರ ಬಾಡಿಗೆ ಮನೆಯ ಅಂಗಳದ ಹುಲ್ಲಿನಲ್ಲಿ ಬೆರಳುದ್ದದ ಕೆಂಪು ಕಾಂಡವೊಂದು ಎದ್ದಿತ್ತು. ತುದಿಗೆ ಕಂದು ಲೋಳೆ, ಲೋಳೆಯ ತುಂಬ ನೊಣ. ಸತ್ತ ಇಲಿಯಂಥ ನಾತ ಅಡುಗೆಮನೆಗೂ ನುಗ್ಗಿತ್ತು. ಏಳು ತಿಂಗಳ ಬಸುರಿ ಪಂಚಶೀಲಾ, ಅವನ ಹೆಂಡತಿ, ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅಲ್ಲಿ ಯಾರೋ ಮಾಟದ ತತ್ತಿ ಹೂತಿದ್ದಾರೆ, ತನ್ನ ಸೊಸೆಯ ಮೂರು ಕೂಸು ಹೊಟ್ಟೆಯಲ್ಲೇ ಸತ್ತವು ಎಂದಳು ಮೌನಮ್ಮ.

"ತತ್ತಿ ಇರೋದು ಖರೆನೇ," ಎಂದ ಕಾಂತೇಶ. "ಇದು ನಾತದ ಅಣಬಿ. ತತ್ತಿಯಿಂದನೇ ಏಳ್ತದ."

ನಾತ ನೊಣ ಕರೆಯಲಿಕ್ಕೆ, ನೊಣ ಬೀಜಾಣು ಒಯ್ಯಲಿಕ್ಕೆ ಎಂದು ಪಾಠ ಮಾಡುತ್ತ ಮಣ್ಣು ಕೆದರಿ, ಬಿಳಿ ಉಂಡೆಯೊಂದನ್ನು ಕಿತ್ತು ಚಾಕುವಿನಿಂದ ಸೀಳಿದ. ಚರ್ಮದಂಥ ಸಿಪ್ಪೆ, ಒಳಗೆ ಲೋಳೆ, ಮುದುರಿ ಕೂತ ಕಾಂಡ. "ನೋಡ್ರಿ ನಿಮ್ಮ ಮಾಟ."

ಮೌನಮ್ಮ ಮತ್ತೆ ಬ್ಯಾಡ ಅಂದಳು. ಅವನು ಪಕ್ಕದಲ್ಲೇ ಮಣ್ಣಲ್ಲಿ ಕಂಡ ಇನ್ನೊಂದು ಬಿಳಿ ಉಂಡೆಯ ಮೇಲೆ ಚಾಕು ಇಟ್ಟ.

ಟಕ್ ಎಂದಿತು.

ಅಣಬೆಯ ತತ್ತಿಗೆ ಗಟ್ಟಿ ಚಿಪ್ಪಿರುವುದಿಲ್ಲ. ಅದು ಅವನಿಗೆ ಗೊತ್ತು. ಚಿಪ್ಪು ಒಡೆಯಿತು. ಬಿಳಿಯಿಲ್ಲ, ಹಳದಿಯಿಲ್ಲ. ಒದ್ದೆ ಕೂದಲು. ಕೂದಲು ಸುತ್ತಿದ ಸೂಜಿ. ನೊಣಗಳು ಒಮ್ಮೆಗೇ ಎದ್ದವು. ಅವನನ್ನು ದಾಟಿದವು. ಪಂಚಶೀಲಾಳ ಹೊಟ್ಟೆಯ ಮೇಲೆ ಕೂತವು. ಕಪ್ಪಗೆ. ಆಕೆ ಕೊಡವಲಿಲ್ಲ.

"ಮುಂಜಾನಿಂದ ಒದಿಯಾಕತ್ತಿತ್ತು," ಎಂದಳು. "ಈಗ ಸುಮ್ಮನಾಗೇದ."

ಕೂಸಿನ ಎದೆಬಡಿತ ಇಳಿಯುತ್ತಿದೆ, ಕಾರಣ ತಿಳಿಯುತ್ತಿಲ್ಲ ಎಂದರು ಆಸ್ಪತ್ರೆಯಲ್ಲಿ. ಹೆಂಡತಿಯನ್ನು ಅಲ್ಲೇ ಬಿಟ್ಟು ಅವನು ಮೌನಮ್ಮನ ಬಳಿಗೆ ಓಡಿ ಬಂದ.

ಆಕೆ ಏನನ್ನೂ ಮುಚ್ಚಿಡಲಿಲ್ಲ. ಬ್ಯಾಡ ಅಂದ ಮೇಲೂ ಒಡೆದವನ ಮನೆಗೇ ಮಾಟ ದಾಟುತ್ತದೆ. ಹೇಳದೆ ಒಡೆಸಿದರೆ ದಾಟುವುದಿಲ್ಲ. ಬಸುರಿ ಇರುವ ಬಾಡಿಗೆಯವರಿಗಾಗಿಯೇ ಕಾದಿದ್ದಳು.

"ನನ್ನ ಸೊಸಿ ಐದು ತಿಂಗಳ ಬಸರಿ ಅದಾಳ್ರಿ ಸರ. ನಾ ಏನ್ ಮಾಡ್ಬೇಕು?"

ಬಿಡಿಸಿಕೊಳ್ಳುವ ದಾರಿಯನ್ನೂ ಆಕೆಯೇ ಹೇಳಿದಳು. ಅದೇ ಕೂದಲು, ಅದೇ ಸೂಜಿ. ಹೊಸ ತತ್ತಿ. ಬಸುರಿ ಇರುವ ಇನ್ನೊಂದು ಮನೆ. ಹೊತ್ತು ಮುಳುಗುವುದರೊಳಗೆ.

ನಾಲ್ಕು ಗಂಟೆಗೆ ಕಾಂತೇಶ ಸಹೋದ್ಯೋಗಿ ಶಾಂಭವಿಯ ಹಿತ್ತಲಲ್ಲಿ ಮಣ್ಣು ಮುಚ್ಚಿ, ಕೈ ತೊಳೆದು, ಮುಂಬಾಗಿಲಿಗೆ ಬಂದ. ಆಕೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಬಸುರಿಗೆ ಆರು ತಿಂಗಳು ತುಂಬಿತ್ತು. ಮಾಟ-ಮಂತ್ರವೆಂದರೆ ಉರಿದು ಬೀಳುವವಳು. ಅದಕ್ಕೇ ಆಕೆಯನ್ನು ಆರಿಸಿಕೊಂಡಿದ್ದ.

"ನಿಮ್ಮ ಕರಿಬೇವಿನ ಬುಡಕ್ಕ ಯಾರೋ ಮಾಟದ ತತ್ತಿ ಹೂತಾರ್ರಿ ಮೇಡಂ," ಎಂದ. "ದಯಮಾಡಿ ಅದನ್ನ ಒಡೀಬ್ಯಾಡ್ರಿ."

ಶಾಂಭವಿ ಅವನನ್ನು ಕನಿಕರದಿಂದ ನೋಡಿದಳು. ಸಸ್ಯಶಾಸ್ತ್ರ ಓದಿದವರೂ ಹೀಗಂದ್ರ ಹ್ಯಾಂಗ ಎಂದು ನಗುತ್ತ, ಚಪ್ಪಲಿ ಮೆಟ್ಟಿ ಹಿತ್ತಲಿಗೆ ನಡೆದಳು.