ಲಿಬೋರಿಯೊನ ಅರ್ಧ ರಿಬ್ಬನ್

ಎವೋರಾ ಪಟ್ಟಣದಲ್ಲಿ ಮನೆತನಗಳ ಮೂಲ ಹುಡುಕಿಕೊಡುವುದು ನನ್ನ ಕಸುಬು. ಬರುವವರಿಗೆಲ್ಲ ರಾಜವಂಶವೇ ಬೇಕು. ಲಿಬೋರಿಯೊ ದಿ ಜೆಸುಸ್ ಎಂಬ ಬಡಾಯಿಕೋರ, ಮುತ್ತಜ್ಜನ ಕೆಂಪು ರಿಬ್ಬನ್ನಿನ ಅರ್ಧ ತುಂಡನ್ನು ಎದೆಗೆ ಸಿಕ್ಕಿಸಿಕೊಂಡು ಬಂದಿದ್ದ. "ದೊರೆ ಕೊಟ್ಟಿದ್ದು ಕಣ್ರೀ," ಎಂದ.

ಅವನ ಸೊಕ್ಕಿಳಿಸಲು ಕ್ರೈಸ್ತ ಸನ್ಯಾಸಿನಿಯರ ಪಾಳುಮಠದೊಳಗೆ ಕರೆದೊಯ್ದೆ. ಅಲ್ಲಿನ ಗೋಡೆಯಲ್ಲಿ ತಿರುಗುವ ತೊಟ್ಟಿಲಿದೆ. ಸಾಕಲಾರದ ತಾಯಂದಿರು ಬೀದಿಯಿಂದ ಕೂಸನ್ನಿಟ್ಟು ಒಳಕ್ಕೆ ತಿರುಗಿಸುತ್ತಿದ್ದರು. ಗುರುತಿಗೆಂದು ಅರ್ಧ ರಿಬ್ಬನ್ ಕೂಸಿಗೆ ಕಟ್ಟಿ, ಉಳಿದರ್ಧ ತಾವಿಟ್ಟುಕೊಳ್ಳುತ್ತಿದ್ದರು.

"ನಿಮ್ಮ ಅರಮನೆ ಇದೇ ಸ್ವಾಮಿ. ಇಲ್ಲಿ ಸಿಕ್ಕ ಕೂಸುಗಳಿಗೇ ದಿ ಜೆಸುಸ್, ಅಂದ್ರೆ ಯೇಸುವಿನವರು, ಅಂತ ಹೆಸರಿಡ್ತಿದ್ರು."

"ಬಾಯ್ಮುಚ್ಚಿ," ಎಂದ.

ಆಗ ತೊಟ್ಟಿಲು ತಾನಾಗಿ ತಿರುಗಿತು. ಒಳಗೆ ಕೆಂಪು ರಿಬ್ಬನ್ನಿನ ತುಂಡಿತ್ತು. ಮುಟ್ಟಿದರೆ ಬೆಚ್ಚಗೆ, ಎದೆಹಾಲಿನ ವಾಸನೆ. ಅದರ ಅಂಚು ಅವನ ರಿಬ್ಬನ್ನಿಗೆ ಸರಿಯಾಗಿ ಕೂಡಿತು.

ನಾನು ಬೀದಿಗೆ ಓಡಿದೆ. ಆ ಕಡೆ ತೊಟ್ಟಿಲಿನ ಬಾಯಿಗೆ ಯಾವ ಕಾಲದಲ್ಲೋ ಇಟ್ಟಿಗೆ ಕಟ್ಟಿದ್ದರು. ಅದರ ಮೇಲೆ ಬೆಳೆದ ಪಾಚಿಯೂ ಕದಲಿರಲಿಲ್ಲ.