ವಾಪಸ್ ಬರ್ತೀರಾ, ಇಂದ್ರಾಣಿ?

"ಯಾರಾದ್ರೂ ಒಬ್ರು ನಿಮಗೆ ಜಾಮೀನು ನಿಲ್ಲಲೇಬೇಕು ಮಾರಾಯ್ತಿ. ನಾನು ಎಂತ ಮಾಡುದು? ರೂಲ್ ನಂದಲ್ಲ!"

ಹಸನಬ್ಬ ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದರು. ಕಂಪನಿಯ ಅಷ್ಟೂ ಜನರ ಪಾಸ್‌ಪೋರ್ಟು ಆ ಬೀರುವಿನೊಳಗೆ, ಅದರ ಕೀಲಿಕೈ ಅವರ ಜೇಬಿನೊಳಗೆ. ದುಬೈನ ದೇರಾದಲ್ಲಿ, ಮುರಕ್ಕಬಾತಿನ ಆ ಆಫೀಸಿನಲ್ಲಿ ಮ್ಯಾನೇಜರಿಗಿಂತ ಜನ ಹೆದರುತ್ತಿದ್ದದ್ದು ಆ ಕೀಲಿಕೈಗೆ.

ಇಂದ್ರಾಣಿಯ ಅಂಗೈ ಬೆವರುತ್ತಿತ್ತು. ಎ.ಸಿ. ಇದ್ದರೂ!

ರಜೆಗೆ ಹೊರಟವರಿಗೆ ಪಾಸ್‌ಪೋರ್ಟ್ ಸಿಗಬೇಕೆಂದರೆ ಸಹೋದ್ಯೋಗಿಯೊಬ್ಬರು ಹೊಣೆ ಹೊರಬೇಕು. ಹೋದವರು ಮರಳಿ ಬರುವ ತನಕ ಹೊಣೆ ಹೊತ್ತವರ ಪಾಸ್‌ಪೋರ್ಟ್ ಬೀರುವಿನಿಂದ ಅಲುಗುವುದಿಲ್ಲ. ಊರಿಗೆ ಹೋಗುವವರಿಗಾದರೆ ನಾ ಮುಂದು ತಾ ಮುಂದು ಎಂದು ಜನ ನಿಲ್ಲುತ್ತಿದ್ದರು. ಆದರೆ ಇಂದ್ರಾಣಿ ಹೊರಟಿದ್ದು ಸ್ಪೇನಿಗೆ. ಕತಲಾನ್ ಸೀಮೆಯ ಸೆರ್ವೆರಾ ಎಂಬ ಪುಟ್ಟ ಊರಿನ ಹಳೆಯ ವಿಶ್ವವಿದ್ಯಾಲಯದ ಕಟ್ಟಡದಲ್ಲಿ, ಪುರಾತನ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಬೇಸಿಗೆ ಶಿಬಿರಕ್ಕೆ.

ಯುರೋಪಿಗೆ ಹೋದವರು ವಾಪಸ್ ಬರುತ್ತಾರೆಯೇ?

ಅವಳ ಕುರ್ಚಿಯಲ್ಲಿ ಅವಳಿಗಿಂತ ಮುಂಚೆ ಕೂರುತ್ತಿದ್ದ ಡ್ರಾಫ್ಟ್ಸ್‌ಮನ್ ಜರ್ಮನಿಗೆಂದು ಹೋದವನು ಬರಲೇ ಇಲ್ಲ. ಅವನಿಗೆ ಹೊಣೆ ನಿಂತವರು ಅಕೌಂಟ್ಸಿನ ಚಾಮರಾಜ. ಕೊಳ್ಳೇಗಾಲದಲ್ಲಿ ತಂದೆ ತೀರಿಕೊಂಡಾಗ ಚಾಮರಾಜರ ಪಾಸ್‌ಪೋರ್ಟ್ ಇದೇ ಬೀರುವಿನಲ್ಲಿತ್ತು. ಮಗನಿಲ್ಲದೆ ಚಿತೆ ಉರಿಯಿತು. ಅಂದಿನಿಂದ ಅವರು ಆಫೀಸಿನಲ್ಲಿ ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದ್ದಿಲ್ಲ.

'ಯಾರೂ ನಿಲ್ಲಲ್ಲ... ನಾನಾಗಿದ್ರೂ ನಿಲ್ತಿರಲಿಲ್ಲ.' ಇಂದ್ರಾಣಿ ತಿರುಗಿ ಹೊರಡಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ದನಿ.

"ನನ್ನದು ಇಟ್ಕೊಳ್ಳಿ ಹಸನಬ್ಬ."

ಬಾಗಿಲಲ್ಲಿ ಒಬ್ಬ ಎತ್ತರದ ಯುವಕ. ಅಬುಧಾಬಿಯ ಬನಿಯಾಸ್ ಸೈಟಿನ ಎಂಜಿನಿಯರ್ ರಘುನಂದನ, ನಂಜನಗೂಡಿನವನು. ಫೋನಿನಲ್ಲಿ ಅಳತೆಗಳನ್ನು ಕೇಳಿ ಅವನ ದನಿಯೇನೋ ಅವಳಿಗೆ ಗೊತ್ತು, ಮುಖ ನೋಡಿದ್ದು ಇದೇ ಮೊದಲು. ರಜೆ ಮುಗಿಸಿ ಬಂದು ಪಾಸ್‌ಪೋರ್ಟ್ ಒಪ್ಪಿಸಲು ಬಂದಿದ್ದ.

"ನೀವು... ನನ್ನ ಪರಿಚಯಾನೇ ಇಲ್ಲವಲ್ಲ! ನಾನು ಬರದೇ ಇದ್ರೆ?"

ಅವನು ಅವಳನ್ನು ನೋಡಿದ. ನೇರವಾಗಿ.

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಬರ್ತೀರ."

ಅಷ್ಟೇ! ಎದೆಯೊಳಗೆ ಏನೋ ಧಸಕ್ಕೆಂದಿತು. ಅದು ಹೆದರಿಕೆಯೋ ಇನ್ನೊಂದೋ, ಇಂದ್ರಾಣಿಗೆ ತಿಳಿಯಲಿಲ್ಲ. ನಮ್ಮ ಹುಡುಗಿಗೆ ಎರಡರ ವ್ಯತ್ಯಾಸ ತಿಳಿಯುತ್ತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

* * *

ವೀಸಾ ಬರುವ ತನಕ ರಘು ಪ್ರತಿ ವಾರ ಡ್ರಾಯಿಂಗ್ ತರುವ ನೆಪ ಹೂಡಿ ಅಬುಧಾಬಿ ಕಡೆಯಿಂದ ದೇರಾಕ್ಕೆ ಬರುತ್ತಿದ್ದ. ಡ್ರಾಯಿಂಗನ್ನು ಇ-ಮೇಲ್ ಮಾಡಬಹುದಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಆಫೀಸಿನ ಕೆಳಗಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತ ಅವನು ತಾಯಿಯ ಸುದ್ದಿ ಹೇಳುತ್ತಿದ್ದ. "ಹಾರ್ಟ್ ಸ್ವಲ್ಪ ವೀಕು. ಆದ್ರೆ ಬಾಯಿ ಸಖತ್ ಸ್ಟ್ರಾಂಗು!" ಅವಳು ನಗುತ್ತಿದ್ದಳು. ರೂಮಿಗೆ ಬಂದು ಮಲಗಿದಾಗ ಮಾತ್ರ ಹೆದರಿಕೆ. 'ಇಷ್ಟು ಒಳ್ಳೆಯವರಿಗೆ ನನ್ನಿಂದ ಏನಾದ್ರೂ ಆಗಿಬಿಟ್ರೆ?'

ರೂಂಮೇಟ್ ಲೂರ್ದ್ ಗದರುತ್ತಿದ್ದಳು. "ನಿನಗೆ ಹೆದ್ರಿಕೆ ಇಲ್ಲದ ವಿಷಯ ಒಂದಾದ್ರೂ ಉಂಟಾ? ಲಿಫ್ಟಿಗೆ ಹೆದ್ರಿಕೆ, ಬಾಸಿಗೆ ಹೆದ್ರಿಕೆ, ಈಗ ಲವ್ವಿಗೂ ಹೆದ್ರಿಕೆ!"

ಹೊರಡುವ ದಿನ ಏರ್‌ಪೋರ್ಟಿನಲ್ಲಿ ರಘು ಅವಳ ಸೂಟ್‌ಕೇಸ್ ಇಳಿಸಿ ಕೊಟ್ಟ.

"ವಾಪಸ್ ಬನ್ನಿ ಅಂತ ಹೇಳಲ್ಲ ಇಂದ್ರಾಣಿ. ಹೇಳಿದ್ರೆ ನಂಬಿಲ್ಲ ಅಂತಾಗುತ್ತೆ."

ಆ ಮಾತನ್ನೇ ಅವಳು ಮಡಿಲಲ್ಲಿ ಕಟ್ಟಿಕೊಂಡು ಹೋದಳು.

* * *

ಬಾರ್ಸಿಲೋನಾದಿಂದ ನಿಧಾನದ ರೈಲು. ಕೊಯ್ಲು ಮುಗಿದ ಗೋಧಿ ಹೊಲಗಳ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಸೆರ್ವೆರಾ. ಊರು ಒಂದು ಹಿಡಿ, ವಿಶ್ವವಿದ್ಯಾಲಯದ ಕಟ್ಟಡ ಮಾತ್ರ ಅರಮನೆಯಷ್ಟು ದೊಡ್ಡದು!

"ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ವಿಶ್ವವಿದ್ಯಾಲಯ ಯಾಕೆ?" ಇಂದ್ರಾಣಿ ಕೇಳಿದಳು.

ಶಿಬಿರದ ಮುಖ್ಯಸ್ಥೆ ಮೋನ್ಸೆರಾತ್ ನಕ್ಕರು. ತಲೆ ಪೂರಾ ನರೆತ ಹೆಂಗಸು, ನಡಿಗೆ ಮಾತ್ರ ಚುರುಕು.

"ಯುದ್ಧದಲ್ಲಿ ಈ ಊರು ರಾಜನ ಪರ ನಿಂತಿತ್ತು. ಗೆದ್ದ ಮೇಲೆ ಅವನು ಬಾರ್ಸಿಲೋನಾದ ವಿಶ್ವವಿದ್ಯಾಲಯ ಮುಚ್ಚಿಸಿ ಇಲ್ಲಿ ಕಟ್ಟಿಸಿದ. ನೂರು ವರ್ಷ ದಾಟಿದ ಮೇಲೆ ಮೇಷ್ಟ್ರುಗಳು, ವಿದ್ಯಾರ್ಥಿಗಳು ಎಲ್ಲರೂ ಬಾರ್ಸಿಲೋನಾಕ್ಕೇ ಹೊರಟುಹೋದರು. ಕಟ್ಟಡ ಎಲ್ಲಿಗೆ ಹೋಗುತ್ತೆ? ಇಲ್ಲೇ ಉಳಿಯಿತು."

ಖಾಲಿ ಮೊಗಸಾಲೆಯಲ್ಲಿ ತನ್ನದೇ ಹೆಜ್ಜೆಯ ಸದ್ದು ಕೇಳಿ ಇಂದ್ರಾಣಿ ಬೆಚ್ಚಿದಳು. ಹೋಗುವವರು ಹೋಗುತ್ತಾರೆ... ಉಳಿದವರ ಗತಿ? ಯಾಕೋ ಚಾಮರಾಜರ ಮುಖ ನೆನಪಾಯಿತು.

ಆದರೂ ಕೆಲಸ ಅವಳನ್ನು ಗೆದ್ದಿತು. ಏಣಿ ಹತ್ತಿ ಕಲ್ಲಿನ ಕೆತ್ತನೆಗಳನ್ನು ಅಳೆಯುವಾಗ ಲಿಫ್ಟಿಗೆ ಹೆದರುವ ಹುಡುಗಿ ಇವಳೇನಾ ಎನಿಸುತ್ತಿತ್ತು. ಸಂಜೆ ಚೌಕದ ಕಾರ್ಡ್ ಫೋನಿನಿಂದ ರಘುವಿಗೆ ಫೋನ್. "ಇವತ್ತು ಏನು ಅಳೆದ್ರಿ?" ಎಂದು ಅವನು ಕೇಳುತ್ತಿದ್ದ. ಅವಳು ಹೇಳುತ್ತ ಹೋಗುತ್ತಿದ್ದಳು.

ಒಂದು ಸಂಜೆ ಅವನ ಫೋನ್ ಸ್ವಿಚ್ ಆಫ್. ಮರುದಿನವೂ ಆಫ್. ಅದರ ಮರುದಿನವೂ!

'ಏನಾಯ್ತು? ಸೈಟಲ್ಲಿ ಏನಾದ್ರೂ...' ಗಾಬರಿಯಾಗಿ ಆಫೀಸಿಗೆ ಫೋನ್ ಮಾಡಿದಳು. ಹಸನಬ್ಬ ಎತ್ತಿದರು.

"ರಘು? ಆರಾಮ ಇದ್ದಾನೆ. ಮೊನ್ನೆ ಬಂದು ನಿಮ್ಮ ಜಾಮೀನು ಬಿಡ್ಸಿ, ಪಾಸ್‌ಪೋರ್ಟ್ ವಾಪಸ್ ಕೊಡಿ ಅಂತ ಕೇಳಿದ... ಅಯ್ಯೋ! ಹೇಳ್ಬಾರ್ದು ಅಂದಿದ್ದ! ನೀವು ಎಂತ ಟೆನ್ಶನ್ ಮಾಡ್ಬೇಡಿ, ಕೋರ್ಸ್ ಮುಗಿಸಿಯೇ ಬನ್ನಿ, ಆಯ್ತಾ?"

ಅವರೇ ಗಡಿಬಿಡಿಯಿಂದ ಫೋನ್ ಇಟ್ಟುಬಿಟ್ಟರು.

ಇಂದ್ರಾಣಿ ರಿಸೀವರ್ ಹಿಡಿದೇ ನಿಂತಳು.

ಜಾಮೀನು ಬಿಡಿಸಿ... ಪಾಸ್‌ಪೋರ್ಟ್ ವಾಪಸ್ ಕೊಡಿ...

'ಹಾಗಾದ್ರೆ ಅವರಿಗೂ ಭಯವಾಯ್ತು! ಇವಳೂ ಓಡಿಹೋಗ್ತಾಳೆ ಅಂತ. ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದದ್ದೆಲ್ಲ ಬರೀ ಬಾಯಿಮಾತು. ಅದಕ್ಕೇ ಫೋನ್ ಆಫ್!'

ಅಳು ಉಕ್ಕಿ ಬಂತು. ಜಗತ್ತಿನಲ್ಲಿ ಒಬ್ಬನಾದರೂ ನಂಬಿದ್ದಾನೆ ಎಂದುಕೊಂಡಿದ್ದಳಲ್ಲ ಪಾಪ!

ಮರುದಿನ ಮಧ್ಯಾಹ್ನ ಮೋನ್ಸೆರಾತ್ ಅವಳ ನಕ್ಷೆಗಳನ್ನು ತಿರುವಿ ಹಾಕುತ್ತ ಹೇಳಿದರು. "ಇಂದ್ರಾಣಿ, ಇಲ್ಲೇ ಉಳಿದುಬಿಡಿ. ನಮಗೆ ನಿಮ್ಮಂಥ ಕೈ ಬೇಕು. ವೀಸಾ, ಕಾಗದಪತ್ರ ನಾನು ನೋಡಿಕೊಳ್ತೇನೆ. ಶಿಬಿರದ ಕೊನೆಯ ದಿನ ಆಯ್ಕೆ ಸಮಿತಿ ಬರುತ್ತೆ, ನೀವು ಎದುರಿಗಿದ್ದರೆ ಸಾಕು."

ಇಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದೇ ಬೇರೆ.

"ಯೋಚನೆ ಮಾಡಿ... ನಾಳೆ ಹೇಳ್ತೀನಿ."

* * *

ಸೆರ್ವೆರಾದ ದೊಡ್ಡ ಬೀದಿಯ ಮನೆಗಳ ಹಿಂದೆ, ಅವುಗಳ ಅಡಿಯಲ್ಲೇ ನುಸುಳಿ ಹೋಗುವ ಒಂದು ಇಕ್ಕಟ್ಟು ದಾರಿ ಇದೆ. ಮೇಲೆ ಮರದ ತೊಲೆಗಳು, ಅಕ್ಕಪಕ್ಕ ಕಲ್ಲಿನ ಗೋಡೆ, ಹಗಲಲ್ಲೂ ಮಬ್ಬು. ಅದಕ್ಕೆ ಮಾಟಗಾತಿಯರ ಓಣಿ ಎಂದು ಹೆಸರು. ಬಂದ ದಿನದಿಂದ ಇಂದ್ರಾಣಿ ಸುತ್ತು ಬಳಸಿಯಾದರೂ ಅದನ್ನು ತಪ್ಪಿಸುತ್ತಿದ್ದಳು. ಇವತ್ತು ಯೋಚನೆಯ ಭರದಲ್ಲಿ ಒಳಹೊಕ್ಕದ್ದೇ ಗೊತ್ತಾಗಲಿಲ್ಲ.

ಅರ್ಧ ದಾರಿಯಲ್ಲಿ ಕಾಲು ನಿಂತಿತು. ಮುಂದೆಯೂ ಕತ್ತಲು, ಹಿಂದೆಯೂ ಕತ್ತಲು.

'ಉಳಿದುಬಿಟ್ರೆ ಏನಾಗುತ್ತೆ? ಅವರೇ ನಂಬಿಲ್ಲ. ನನಗ್ಯಾಕೆ ಬೇಕು ಅವರ ಪಾಸ್‌ಪೋರ್ಟಿನ ಚಿಂತೆ?'

ಈ ಮಾತು ಮನಸ್ಸಿಗೆ ಬಂದದ್ದೇ ತಡ, ಮೈ ಜುಮ್ಮೆಂದಿತು. ಜರ್ಮನಿಗೆ ಹೋದವನೂ ಹೀಗೇ ಅಂದುಕೊಂಡಿರಬೇಕಲ್ಲವೇ? ಅವನಿಗೇನು ಕೊಂಬಿರಲಿಲ್ಲ. ಅವನೂ ಯಾವುದೋ ಓಣಿಯಲ್ಲಿ ನಿಂತು, ಯಾರದೋ ಮೇಲೆ ಸಿಟ್ಟು ಮಾಡಿಕೊಂಡು, ನನಗ್ಯಾಕೆ ಎಂದಿರಬೇಕು.

ಇಂದ್ರಾಣಿ ಹುಟ್ಟಿದಾಗಿನಿಂದ ಎಷ್ಟೋ ವಿಷಯಗಳಿಗೆ ಹೆದರಿದ್ದಳು. ತನಗೇ ತಾನು ಹೆದರಿದ್ದು ಅದೇ ಮೊದಲು.

ಗೋಡೆ ತಡವುತ್ತ ಬೆಳಕಿನ ಕಡೆ ಓಡಿದಳು. ತಂಗಿದ್ದ ಮನೆಯ ಬಾಗಿಲಿಗೆ ಬರುವಾಗ ಒಳಗಿನಿಂದ ಮನೆಯೊಡತಿ ಫೋನ್ ಎತ್ತಿ ತೋರಿಸುತ್ತ ಕೂಗುತ್ತಿದ್ದಳು. "ಇಂದ್ರಾಣಿ! ದುಬೈ, ದುಬೈ!"

'ರಘು!' ಅವಳು ರಿಸೀವರ್ ಕಿತ್ತುಕೊಂಡಳು.

"ಅಮ್ಮಾ... ನಾನು ಚಾಮರಾಜ."

ಚಾಮರಾಜರೇ? ಆಫೀಸಿನಲ್ಲಿ ಗುಡ್ ಮಾರ್ನಿಂಗ್ ಹೇಳಿದರೂ ತಲೆ ಮಾತ್ರ ಆಡಿಸುವ ಮನುಷ್ಯ!

"ಲೂರ್ದ್ ಹತ್ರ ನಂಬರ್ ಇಸ್ಕೊಂಡೆ. ರಘು ತಾಯಿ ಮೈಸೂರಿನ ಆಸ್ಪತ್ರೇಲಿ ಇದ್ದಾರೆ ಕಣಮ್ಮ. ಹಾರ್ಟ್ ಆಪರೇಷನ್ ಆಗ್ಬೇಕು. ಮಗನ ಮುಖ ನೋಡೋವರೆಗೂ ಒಳಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾರಂತೆ. ಡಾಕ್ಟ್ರು ಇನ್ನು ತಡ ಮಾಡೋ ಹಾಗಿಲ್ಲ ಅಂತಿದ್ದಾರೆ. ಮ್ಯಾನೇಜರ್ ಹತ್ರ ಕೇಳಿದ್ದಕ್ಕೆ, ಆ ಹುಡುಗಿ ಬರೋವರೆಗೂ ಮಾಫಿ, ಖಲಾಸ್, ಆಗಲ್ಲ ಅಂದ್ರೆ ಆಗಲ್ಲ ಅಂದುಬಿಟ್ಟ."

ಇಂದ್ರಾಣಿ ರಿಸೀವರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಮತ್ತೆ... ನನಗ್ಯಾಕೆ ಹೇಳ್ಲಿಲ್ಲ ಅವರು?"

"ಹೇಳಿದ್ರೆ ನೀವು ಕೋರ್ಸ್ ಬಿಟ್ಟು ಓಡಿ ಬರ್ತೀರಂತೆ. ದನಿ ಕೇಳಿದ್ರೆ ಗೊತ್ತಾಗಿಬಿಡುತ್ತೆ ಅಂತ ಫೋನೂ ಆಫ್ ಮಾಡಿಟ್ಟಿದ್ದಾನೆ." ಚಾಮರಾಜ ದನಿ ತಗ್ಗಿಸಿದರು. "ನಿಮ್ಮ ಜಾಮೀನು ನನ್ನ ಮೇಲೆ ಹಾಕ್ಕೊಂಡು ಅವನನ್ನ ಬಿಡಿಸ್ಬಹುದಿತ್ತು ನಾನು. ಧೈರ್ಯ ಬರ್ಲಿಲ್ಲ ಕಣಮ್ಮ. ನಮ್ಮಪ್ಪ ಹೋದಾಗ ಆ ಜರ್ಮನಿಯವನಿಗೆ ಯಾರಾದ್ರೂ ಒಂದು ಫೋನ್ ಮಾಡಿದ್ರೆ ಬರ್ತಿದ್ದನೋ ಏನೋ... ಅದಕ್ಕೇ ಮಾಡ್ದೆ. ಗುರುವಾರ ಅರ್ಧ ದಿನ ಆಫೀಸು, ಶುಕ್ರವಾರ ರಜ. ಆಮೇಲೆ ಹಸನಬ್ಬ ಬೀರು ತೆಗೆಯೋದು ಶನಿವಾರ. ಅಷ್ಟು ಹೊತ್ತು ಆಕೆ..."

ಇಂದ್ರಾಣಿ ಅವರ ಮಾತನ್ನು ಅರ್ಧಕ್ಕೇ ತುಂಡರಿಸಿದಳು.

"ನಾನು ಬರ್ತೀನಿ ಸರ್. ಈಗಲೇ ಹೊರಡ್ತೀನಿ!"

ವಿಷಯ ಕೇಳಿದ ಮೋನ್ಸೆರಾತ್ ಬೇಸರದಿಂದಲೇ ಅವಳ ಕೈ ಹಿಡಿದುಕೊಂಡರು. "ಸಮಿತಿ ಇನ್ನೊಮ್ಮೆ ಬರೋದು ಯಾವಾಗಲೋ. ಗೊತ್ತಲ್ಲ?"

"ಗೊತ್ತು ಮೇಡಂ. ಅಲ್ಲಿ ಒಬ್ಬರು ನನಗೋಸ್ಕರ ಸಿಕ್ಕಿಹಾಕಿಕೊಂಡಿದ್ದಾರೆ."

* * *

ಗುರುವಾರ. ವಿಮಾನ ತಡ. ಇಮಿಗ್ರೇಶನ್ನಿನಲ್ಲಿ ಉದ್ದದ ಸಾಲು. ಅಧಿಕಾರಿ ಅವಳ ಪಾಸ್‌ಪೋರ್ಟಿನ ಹಾಳೆ ಮಗುಚುತ್ತಿದ್ದಷ್ಟು ಹೊತ್ತೂ ಇಂದ್ರಾಣಿ ನಂಜುಂಡೇಶ್ವರನಿಗೆ ಹರಕೆಯ ಮೇಲೆ ಹರಕೆ ಹೊತ್ತಳು. 'ಅವರ ಊರಿನ ದೇವರೇ, ಅವರ ಅಮ್ಮನನ್ನ ಉಳಿಸಪ್ಪಾ... ಬೀರು ಮುಚ್ಚದ ಹಾಗೆ ನೋಡ್ಕೋ...'

ಟ್ಯಾಕ್ಸಿ ಸಿಗ್ನಲಿಗೆ ನಿಂತಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಆಫೀಸಿನ ಲಿಫ್ಟ್ ಕೆಳಗೇ ಇತ್ತು. ಹೆದರಿಕೆಯನ್ನು ಮರೆತು ಹತ್ತಿದಳು!

ಹಸನಬ್ಬ ಆಗಲೇ ದೀಪ ಆರಿಸಿ ಬಾಗಿಲು ಎಳೆಯುತ್ತಿದ್ದರು. ಗೋಡೆಗೆ ಒರಗಿ ರಘು ಕೂತಿದ್ದ. ಗಡ್ಡ ಬೆಳೆದಿತ್ತು. ಸೂಟ್‌ಕೇಸಿನ ಸದ್ದಿಗೆ ತಲೆ ಎತ್ತಿದವನು ಹಾಗೇ ಎದ್ದು ನಿಂತ.

"ಇಂದ್ರಾಣಿ! ನೀವು... ಶಿಬಿರ ಮುಗಿದಿಲ್ಲವಲ್ಲ! ಯಾರು ಹೇಳಿದ್ದು ನಿಮಗೆ?"

ಅವಳು ತನ್ನ ಪಾಸ್‌ಪೋರ್ಟನ್ನು ಹಸನಬ್ಬರ ಕೈಗೆ ಹಾಕಿದಳು.

"ಬಂದಿದೀನಿ. ಇವರದ್ದು ಕೊಡಿ. ಯಲ್ಲಾ, ಬೇಗ!"

ಹಸನಬ್ಬ ಬೀರು ತೆಗೆದರು. ರಘುವಿನ ಪಾಸ್‌ಪೋರ್ಟ್ ಹೊರಗೆ ಬಂತು. ಆದರೆ ಅದನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ನಿಂತರು. ಅವರ ಮುಖ ಸಣ್ಣದಾಗಿತ್ತು.

"ಇವನು ಹೋಗ್ಬೇಕಾದ್ರೆ ಇವನಿಗೂ ಒಬ್ರು ಜಾಮೀನು ಬೇಕಲ್ಲ ಮಾರಾಯ್ತಿ..."

"ನನ್ನದು ನಿಮ್ಮ ಕೈಯಲ್ಲೇ ಇದೆಯಲ್ಲ ಹಸನಬ್ಬ. ಇಟ್ಕೊಳ್ಳಿ!"

ಅಕೌಂಟ್ಸಿನ ಬಾಗಿಲಲ್ಲಿ ನಿಂತಿದ್ದ ಚಾಮರಾಜ ಕನ್ನಡಕ ತೆಗೆದು ಒರೆಸಿಕೊಂಡರು. ಹಸನಬ್ಬ ಬೀರುವಿನೊಳಗೆ ಖಾಲಿಯಾದ ಜಾಗದಲ್ಲಿ ಅವಳ ಪಾಸ್‌ಪೋರ್ಟ್ ಇಟ್ಟರು.

ಮೆಟ್ಟಿಲ ತನಕ ಅವಳು ಅವನ ಜೊತೆ ನಡೆದಳು.

"ರಘು, ಒಂದು ಮಾತು ಹೇಳ್ಬೇಕು. ನೀವು ಪಾಸ್‌ಪೋರ್ಟ್ ವಾಪಸ್ ಕೇಳಿದ್ರಿ ಅಂತ ಗೊತ್ತಾದಾಗ ನನ್ನ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡೆ. ಸಿಟ್ಟಲ್ಲಿ... ಅಲ್ಲೇ ಉಳಿದುಬಿಡೋಣ ಅಂತಾನೂ ಒಂದು ಕ್ಷಣ ಅನ್ನಿಸ್ತು. ನನ್ನ ಮುಖದಲ್ಲಿ ನೀವು ನೋಡಿದ್ದು ತಪ್ಪು."

ಅವನ ಕಣ್ಣು ತುಂಬಿತ್ತು. "ಅನ್ನಿಸಿದ ಮೇಲೂ ಬಂದ್ರಲ್ಲ. ನಾನು ನೋಡಿದ್ದು ಅದನ್ನೇ."

"ಯಾಕೆ ಹೇಳ್ಲಿಲ್ಲ ನನಗೆ? ಅಮ್ಮನಿಗಿಂತ ನನ್ನ ಶಿಬಿರ ದೊಡ್ಡದಾ?"

"ಭಯ ಆಯ್ತು ಇಂದ್ರಾಣಿ. ನನ್ನಿಂದಾಗಿ ಕನಸು ಬಿಟ್ಟು ಬಂದ್ರೆ, ಜನ್ಮಪೂರ್ತಿ ನನ್ನನ್ನ ನೋಡಿದಾಗಲೆಲ್ಲ ನಿಮಗೆ ಅದೇ ನೆನಪಾಗುತ್ತೆ ಅಂತ."

"ಜನ್ಮಪೂರ್ತಿನಾ?" ಅಳುವಿನ ನಡುವೆಯೂ ಅವಳಿಗೆ ನಗು ಬಂತು. "ಅಷ್ಟು ದಿನ ನೋಡೋ ಯೋಚನೆ ಇದೆಯಾ?"

ಅವನು ಅವಳ ಕೈ ಹಿಡಿದುಕೊಂಡ.

"ಅಮ್ಮ ಕಣ್ಣು ಬಿಟ್ಟ ಮೇಲೆ ಮೊದಲು ಹೇಳೋದೇ ನಿಮ್ಮ ವಿಷಯ. ಒಪ್ಪಿಗೆ ಇದೆಯಾ?"

ಅವಳು ತಲೆಯಾಡಿಸಿದಳು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅವನು ಮೆಟ್ಟಿಲಿಳಿದ.

ನಾಲ್ಕಾರು ಮೆಟ್ಟಿಲು ಇಳಿದವನು ತಿರುಗಿ ನೋಡಿದ. "ವಾಪಸ್ ಬನ್ನಿ ಅಂತ ಹೇಳಲ್ವಾ?"

ಅಮ್ಮನ ಆಪರೇಷನ್ ಇನ್ನೂ ಬಾಕಿ. ಎದೆಯೊಳಗೆ ಹೆದರಿಕೆ ಹಾಗೇ ಇತ್ತು. ಆದರೂ ಇಂದ್ರಾಣಿ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಹೇಳಿದಳು.

"ನಾನು ಹೇಳ್ತೀನಿ. ವಾಪಸ್ ಬನ್ನಿ ರಘು!"