ನಿಯಮಿತ ನಿಲುಗಡೆ

ಪಂಜಾ ಇಡುವ ಪೆಟ್ಟಿಗೆ ಬರಿದಾಗಿತ್ತು. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಜಾತಿ ನೋಡದೆ ಊರೆಲ್ಲ ಬಂದು ಹರಕೆಯ ಸಕ್ಕರೆ ಓದಿಸುತ್ತಿದ್ದ ಬೆಳ್ಳಿಯ ಹಸ್ತ ಅದು. ಮಸೂತಿಯ ಬೀಗ ಮುರಿದಿರಲಿಲ್ಲ. ಅದನ್ನು ನೋಡಿಕೊಳ್ಳುವ ಮುಜಾವರ ಖಾಸಿಂಸಾಬ ಪೆಟ್ಟಿಗೆಯ ಮುಂದೆ ಕುಸಿದು ಕುಳಿತ. ಅವನು ಏಳುವುದರೊಳಗೆ ಊರು ಕಳ್ಳರನ್ನು ಹುಡುಕಿಯೂ ಆಗಿತ್ತು — ಊರಾಚೆಯ ಓಣಿಯಿಂದ ಬಂದು ಕಸ ಗುಡಿಸುವ ದೇವವ್ವ.

ಗದಗಿನಿಂದ ಮುಂಡರಗಿಗೆ ಲಿಮಿಟೆಡ್ ಬಸ್ಸು ಶುರುವಾದ ವರ್ಷ ಅದು. ಸಂಜೆ ಮುಂಡರಗಿಯಿಂದ ಪೊಲೀಸ್ ಫೌಜದಾರ ಚನ್ನಬಸವಣ್ಣ ಬಂದಾಗ ದೇವವ್ವ ಮಸೂತಿಯ ಕಟ್ಟೆಯ ಕೆಳಗೆ ನಿಂತೇ ಇದ್ದಳು.

“ಮುಂಜಾನಿ ಕಸಾ ಹೊಡದ ಮ್ಯಾಲೆ ಬಾಗಲಾ ಹಾಕಿದ್ದೇನವ್ವಾ?”

“ಇಲ್ರೀ. ನೆಲಾ ತೊಳ್ಯಾಕ ನೀರು ತರಬೇಕಂತ ಬಾವಿಗೆ ಹೋದೆ. ದಿನಾ ಹಂಗ ತೆರದ ಬಿಡತೀನ್ರಿ.”

“ಕೇಳಿದ್ರಿಲ್ಲೋ?” ನಡುವೆ ಬಾಯಿ ಹಾಕಿದವನು ಉಸ್ಮಾನಸಾಬ, ಖಾಸಿಂಸಾಬನ ಅಳಿಯ. ಹುಬ್ಬಳ್ಳಿಯವನು. ಬಂದಾಗಿನಿಂದ ಹೆಗಲ ಚೀಲ ಕೂಡ ಇಳಿಸದೆ ಕೂಗಾಡುತ್ತಿದ್ದ. “ಈಕಿ ಗುಡಸಲಾ ಹುಡುಕ್ರಿ, ಸಿಗತೈತಿ.”

ಖಾಸಿಂಸಾಬ ಅಳಿಯನಿಗೆ ಅಡ್ಡ ಬಂದ. “ನಮ್ಮಪ್ಪನ ಕಾಲದಿಂದ ಈಕಿ ಮನಿತನದವರು ಇಲ್ಲಿ ಕಸಾ ಹೊಡದಾರ. ಅಲ್ಲಾನ ಅಂಗಳದಾಗ ನಿಂತು ಬಡವಿ ಮ್ಯಾಲೆ ಸುಳ್ಳು ಹೊರಸಬ್ಯಾಡ.”

ಫೌಜದಾರ ಅಳಿಯನತ್ತ ತಿರುಗಿದ. “ನೀವು ಯಾವಾಗ ಬಂದ್ರಿ?”

“ಕಳುವಾದ ಮ್ಯಾಲೆ. ಗದಗಿಂದ ಬರೂ ಮಧ್ಯಾಹ್ನದ ಬಸ್ಸಿಗೆ. ಹುಣಸಿಮರದ ಕ್ರಾಸಿನ್ಯಾಗ ಇಳದು ನಡಕೋತ ಬಂದೆ.”

“ಖರೆ?”

“ಖರೇನ್ರಿ. ಬಸ್ಸಿನ ಬೋರ್ಡ ಸುದ್ದಾ ನೆನಪೈತಿ — ನಿಯಮಿತ ನಿಲುಗಡೆ.”

ಕಟ್ಟೆಯ ಮೇಲೆ ಕುಳಿತಿದ್ದ ಊರವರಲ್ಲಿ ಹನಮಪ್ಪ ಕಿಸಕ್ಕನೆ ನಕ್ಕ. “ಅದು ಲಿಮಿಟೆಡ್ ಅಲ್ರೀ, ಅಳಿಯಾರ?”

ಫೌಜದಾರ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. “ನಿಯಮಿತ ಅಂದ್ರೇನ್ರಿ, ಉಸ್ಮಾನಸಾಬ?”

“ನಿಯಮದ ಪ್ರಕಾರ. ದಿನಾ, ಎಲ್ಲಾ ಕಡೆ ನಿಂದ್ರೂದು. ಇಷ್ಟೂ ತಿಳಿಯೂದಿಲ್ಲೇನ್ರಿ?”

“ಆ ಮಾತಿಗೆ ಆ ಅರ್ಥಾನೂ ಐತಿ. ಆದ್ರ ಬಸ್ಸಿನ ಮ್ಯಾಲೆ ಬರದದ್ದು ಇಂಗ್ಲೀಷಿನ ಲಿಮಿಟೆಡ್ಡಿಗೆ ಹಾಕಿದ ಕನ್ನಡ. ಮಿತಿ ಹಾಕಿದ್ದು ಅಂತ. ಆ ಬಸ್ಸು ಗದಗ ಬಿಟ್ರ ಮುಂಡರಗಿ. ನಡುವ ಯಾರನ್ನೂ ಇಳಸೂದಿಲ್ಲ. ಒಮ್ಮೆ ಹತ್ತಿದಾಂವಗೂ ಇದು ಗೊತ್ತಿರತೈತಿ. ನೀ ಹತ್ತೇ ಇಲ್ಲ.” ಫೌಜದಾರನ ಬಾಯಿಂದ ಮರ್ಯಾದೆಯ ‘ರಿ’ ಹೋಗಿತ್ತು. “ಎಲ್ಲಾ ಕಡೆ ನಿಂದ್ರೂ ಮುಂಜಾನಿ ಬಸ್ಸಿಗೆ ಬಂದಿ. ಈಕಿ ಬಾವಿಗೆ ಹೋದಾಗ ಒಳಗ ಹೊಕ್ಕಿ. ಆಮ್ಯಾಲೆ ಹುಣಸಿಮರದ ನೆರಳಾಗ ಕುಂತು, ಹಾದು ಹೋಗೂ ಬಸ್ಸಿನ ಬೋರ್ಡ ಓದಿದಿ. ಮಾವನ ಮನಿಗೆ ಬಂದಾಂವ ಸಂಜೀತನಕ ಚೀಲಾ ಯಾಕ ಇಳಸಿಲ್ಲೋ? ಬಿಚ್ಚು.”

ಚೀಲದಲ್ಲಿದ್ದ ಲುಂಗಿಯ ಸುರುಳಿಯೊಳಗೆ ಬೆಳ್ಳಿಯ ಬೆರಳುಗಳು ಹೊಳೆದವು.

ಖಾಸಿಂಸಾಬ ಅಳಿಯನ ಮುಖ ನೋಡಲಿಲ್ಲ. ಪಂಜಾವನ್ನು ಕಣ್ಣಿಗೊತ್ತಿಕೊಂಡು, ಮಸೂತಿಯ ಕೀಲಿಯನ್ನು ದೇವವ್ವನತ್ತ ಚಾಚಿದ. ಅವಳು ಕೂಡಲೇ ಹಿಡಿಯಲಿಲ್ಲ. ಕಟ್ಟೆಯ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು.

“ಖಾಸಿಮಣ್ಣಾ, ಲಿಮಿಟೆಡ್ ಬಸ್ಸು ನಮ್ಮೂರಾಗ ನಿಂದ್ರೂದಿಲ್ಲ, ಖರೆ. ಕಳುವಿನ ಮಾತು ಮಾತ್ರ ಎಲ್ಲೂ ನಿಂದ್ರದ ಸೀದಾ ನಮ್ಮ ಓಣಿಗೇ ಬಂದು ನಿಂದ್ರತೈತಿ.”